ಪಿಂಚಣಿಯ ಊರು, ಗುಳೆಯ ಊರು



ಯಾದಗಿರಿಯ ರೈಲು ನಿಲ್ದಾಣದಲ್ಲಿ ಬೆಂಗಳೂರಿನ ಕಡೆಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿಗಾಗಿ ಕಾದು ನಿಂತವರನ್ನು ಗಮನಿಸಿದರೆ ಎರಡು ಬಗೆಯ ಪ್ರಯಾಣಿಕರು ಕಣ್ಣಿಗೆ ಬೀಳುತ್ತಾರೆ. ಒಂದು ಬಗೆಯವರು ಗೋಣಿಚೀಲ, ಪ್ಲಾಸ್ಟಿಕ್ ಕೊಡ, ಹಾಸಿಗೆಯ ಸುರುಳಿ, ಕಂಕುಳಲ್ಲಿ ಕೂಸು ಇವುಗಳೊಂದಿಗೆ ಜನರಲ್ ಬೋಗಿ ಎಲ್ಲಿ ನಿಂತೀತೆಂದು ಹವಣಿಸುತ್ತಿರುವವರು. ಇವರು ಗುಳೆ ಹೊರಟವರು. ಇನ್ನೊಂದು ಬಗೆಯವರದು ಇಸ್ತ್ರಿ ಮಾಡಿದ ಅಂಗಿ, ಮೂಲೆ ಸವೆದ ಸೂಟ್‌ಕೇಸು, ಜೇಬಿನಲ್ಲಿ ಮಡಿಚಿಟ್ಟ ಮುಂಗಡ ಟಿಕೆಟ್ಟು, ಪಕ್ಕದಲ್ಲಿ ಮೊಣಕಾಲು ಹಿಡಿದು ಕುಳಿತ ಹೆಂಡತಿ. ಇವರು ಸರ್ವೀಸು ಮುಗಿಸಿದ ಮಾಸ್ತರರು, ಕಂದಾಯ ಇಲಾಖೆಯ ಗುಮಾಸ್ತರು, ನೀರಾವರಿ ಇಲಾಖೆಯ ಎಂಜಿನಿಯರರು. ಮಗನ ಮನೆಗೆ ಹೊರಟಿದ್ದಾರೆ. ಇಬ್ಬರ ಗಂಟಿನಲ್ಲೂ ಜೋಳದ ಹಿಟ್ಟು ಇರುತ್ತದೆ ಎಂಬುದೊಂದನ್ನು ಬಿಟ್ಟರೆ ಇವರಿಗೂ ಅವರಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಈ ಮಾತು ಮುಖ್ಯವಾಗಿ ಎರಡನೆಯ ಬಗೆಯವರ ಕುರಿತಾದದ್ದು. ಆದರೆ ಮೊದಲನೆಯವರನ್ನು ಬಿಟ್ಟು ಅದನ್ನು ಆಡಿ ಮುಗಿಸುವುದು ಸಾಧ್ಯವಿಲ್ಲ.

ನೌಕರಿ ಮುಗಿದ ಮೇಲೆ ಹುಟ್ಟಿದ ಊರನ್ನೋ ದುಡಿದ ಊರನ್ನೋ ಬಿಟ್ಟು ಇನ್ನೊಂದು ಊರಿನಲ್ಲಿ ನೆಲೆಸುವುದು ನಮ್ಮ ದೇಶದಲ್ಲಿ ತೀರ ಹಳೆಯ ಪದ್ಧತಿಯಲ್ಲ. ಹಿಂದೆ ಮುಪ್ಪಿನಲ್ಲಿ ಊರು ಬಿಟ್ಟು ಹೋದವರಿದ್ದರೆ ಅವರು ಕಾಶಿಗೋ ಶ್ರೀಶೈಲಕ್ಕೋ ಹೋದವರು. ತಿಂಗಳಿಗೊಮ್ಮೆ ನಿಶ್ಚಿತವಾಗಿ ಹಣ ಬರುವ ವ್ಯವಸ್ಥೆ, ಎಂದರೆ ಪಿಂಚಣಿ, ಬಂದ ಮೇಲೆಯೇ ಮುದುಕನಿಗೆ ಊರನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. ಹೊಲವನ್ನು ನಂಬಿದವನು ಹೊಲವಿದ್ದಲ್ಲಿ ಇರಬೇಕು; ಪಿಂಚಣಿಯನ್ನು ನಂಬಿದವನು ಖಜಾನೆ ಅಥವಾ ಬ್ಯಾಂಕು ಇರುವಲ್ಲೆಲ್ಲ ಇರಬಹುದು. ಈ ಅವಕಾಶವನ್ನು ದಕ್ಷಿಣದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಳಸಿಕೊಂಡು ಬೆಳೆದ ಊರು ಬೆಂಗಳೂರು. 'ಪಿಂಚಣಿದಾರರ ಸ್ವರ್ಗ' ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಮೈಸೂರಿಗೂ ಆ ಹೆಸರನ್ನು ಹೇಳುವವರಿದ್ದಾರೆ, ಅದೂ ಸುಳ್ಳಲ್ಲ.

ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ದಂಡು ಕಿತ್ತದ್ದು 1809ರಲ್ಲಿ. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಬಂದವರಿಗೆ ಮೂರು ಸಾವಿರ ಅಡಿ ಎತ್ತರದ ಈ ಬಯಲಿನ ಹವೆ ಹಿಡಿಸಿತು. ಸೇವೆ ಮುಗಿದ ಸೈನಿಕರೂ ಅಧಿಕಾರಿಗಳೂ ಹಡಗು ಹತ್ತಿ ಸ್ವದೇಶಕ್ಕೆ ಹೋಗುವ ಬದಲು ದಂಡಿನ ಸುತ್ತಲೇ ಬಂಗಲೆ ಕಟ್ಟಿಸಿಕೊಂಡು ಉಳಿಯತೊಡಗಿದರು. ಇಂಗ್ಲೆಂಡಿನಲ್ಲಿ ಆ ಪಿಂಚಣಿಗೆ ಒಬ್ಬ ಆಳನ್ನೂ ಇಟ್ಟುಕೊಳ್ಳಲಾಗದು. ಇಲ್ಲಿ ಅಡಿಗೆಯವನು, ಮಾಲಿ, ಜಟಕಾ, ಹಿತ್ತಲ ತುಂಬ ಗುಲಾಬಿ ಎಲ್ಲವೂ ದಕ್ಕುತ್ತಿತ್ತು. ರಿಚ್ಮಂಡ್ ಟೌನ್, ಕ್ಲೀವ್‌ಲ್ಯಾಂಡ್ ಟೌನ್, ಬೆನ್ಸನ್ ಟೌನ್ ಮುಂತಾದ ದಂಡಿನ ಬಡಾವಣೆಗಳು ಬೆಳೆದದ್ದರಲ್ಲಿ ಇಂಥವರ ಪಾಲು ದೊಡ್ಡದು.

ಇದಕ್ಕಿಂತ ಸ್ವಾರಸ್ಯವಾದದ್ದು ವೈಟ್‌ಫೀಲ್ಡಿನ ಕಥೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಬೆಂಗಳೂರಿನ ಪೂರ್ವಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟರು. ಮದರಾಸಿನಲ್ಲಿ ಆ ಸಮುದಾಯದ ಮುಖಂಡನಾಗಿದ್ದ ಡಿ. ಎಸ್. ವೈಟ್ ಎಂಬಾತನ ಹೆಸರೇ ಊರಿಗೆ ಬಂತು. ಉದ್ದೇಶ ಬೇಸಾಯದ್ದು: ಕಚೇರಿ ಮತ್ತು ರೈಲ್ವೆಯ ನೌಕರಿಯನ್ನೇ ನಂಬಿದ ಜನಾಂಗ ತನ್ನದೇ ನೆಲದಲ್ಲಿ ನೇಗಿಲು ಹಿಡಿದು ನಿಲ್ಲಬೇಕು ಎಂಬುದು. ನೇಗಿಲು ಬಹಳ ದಿನ ನಡೆಯಲಿಲ್ಲ. ರೈಲ್ವೆ, ತಂತಿ ಇಲಾಖೆ, ಕೋಲಾರದ ಚಿನ್ನದ ಗಣಿ ಇವುಗಳಲ್ಲಿ ದುಡಿದು ದಣಿದವರು ಕೊನೆಗಾಲಕ್ಕೆ ಬಂದು ಸೇರುವ ಜಾಗವಾಗಿ ಅದು ಉಳಿಯಿತು. ನಡುವೆ ದುಂಡನೆಯ ಬಯಲು, ಸುತ್ತ ಹೆಂಚಿನ ಮನೆಗಳು, ಒಂದು ಚರ್ಚು, ಸಂಜೆಯಾದರೆ ನಿಶ್ಶಬ್ದ. 1990ರ ದಶಕದಲ್ಲಿ ಅದೇ ಮಗ್ಗುಲಿಗೆ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕು ಎದ್ದಿತು. ಹೆಂಚಿನ ಮನೆಗಳ ಜಾಗದಲ್ಲಿ ಹತ್ತು ಹದಿನೈದು ಅಂತಸ್ತಿನ ಕಟ್ಟಡಗಳು ಬಂದವು. ಇಂದು ವೈಟ್‌ಫೀಲ್ಡ್ ಎಂದರೆ ಪಿಂಚಣಿದಾರರು ಯಾರಿಗೂ ನೆನಪಾಗುವುದಿಲ್ಲ. ವಾಹನ ದಟ್ಟಣೆ ನೆನಪಾಗುತ್ತದೆ. ಆ ಕಟ್ಟಡಗಳನ್ನು ಕಟ್ಟಿದವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಗುಳೆಯ ಜನ ದೊಡ್ಡ ಸಂಖ್ಯೆಯಲ್ಲಿದ್ದರು. ಇದನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ದಂಡಿನ ಮಾತಾಯಿತು. ಪೇಟೆಯ ಕಡೆಯಲ್ಲಿ 1898ರ ಪ್ಲೇಗು ಜನರನ್ನು ಗಿಜಿಗುಡುವ ಓಣಿಗಳಿಂದ ಹೊರದೂಡಿದಾಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ತೆಂಗು, ಮಾವು, ಹಿಂದೆ ಬಾವಿ. ಮೈಸೂರು ಸಂಸ್ಥಾನದ ಅಮಲ್ದಾರರು, ಎಂಜಿನಿಯರರು, ಶಾಲಾ ಇನ್‌ಸ್ಪೆಕ್ಟರರು ನಿವೃತ್ತರಾದೊಡನೆ ನೋಡಿದ್ದು ಈ ಎರಡು ಬಡಾವಣೆಗಳ ಕಡೆಗೆ. ಇವರು ಬಂದದ್ದರಿಂದ ಊರಿಗೆ ಆದ ಲಾಭವನ್ನು ರೂಪಾಯಿಯಲ್ಲಿ ಹೇಳಲಾಗದು. ಬಿಡುವಿದ್ದ, ಓದಿದ್ದ, ಬರೆಯಬಲ್ಲ, ಅಧಿಕಾರಕ್ಕೆ ಅಂಜಬೇಕಾಗಿಲ್ಲದ ಜನ ಒಂದೇ ಕಡೆ ಇದ್ದರೆ ಅಲ್ಲಿ ವಾಚನಾಲಯ, ಸಂಗೀತ ಸಭೆ, ಪತ್ರಿಕೆ, ಸಾರ್ವಜನಿಕ ಉಪನ್ಯಾಸ ತಾವಾಗಿ ಹುಟ್ಟಿಕೊಳ್ಳುತ್ತವೆ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಉದಾಹರಣೆಯೊಂದೇ ಸಾಕು. ಮೈಸೂರು ಸಿವಿಲ್ ಸರ್ವೀಸಿನಲ್ಲಿದ್ದ ಅವರು 1943ರಲ್ಲಿ, ಅವಧಿಗೆ ಮೊದಲೇ, ಕೆಲಸ ಬಿಟ್ಟರು. ಮರುವರ್ಷದಿಂದ 'ಜೀವನ' ಪತ್ರಿಕೆಯ ಹೊಣೆ ಹೊತ್ತರು. ಗವಿಪುರದ ಮನೆಯಲ್ಲಿ ಕುಳಿತು ಬರೆದರು. 'ಚಿಕವೀರ ರಾಜೇಂದ್ರ' ಪ್ರಕಟವಾದದ್ದು 1956ರಲ್ಲಿ. ಅದಕ್ಕಾಗಿ ಜ್ಞಾನಪೀಠ ಬಂದದ್ದು 1983ರಲ್ಲಿ. ಒಬ್ಬ ಅಧಿಕಾರಿಯ ನಿವೃತ್ತಿಯ ನಂತರದ ನಾಲ್ಕು ದಶಕ ಕನ್ನಡಕ್ಕೆ ಏನು ಕೊಟ್ಟಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎಲ್ಲ ಪಿಂಚಣಿದಾರರೂ ಮಾಸ್ತಿಯವರಲ್ಲ, ಹೌದು. ಬೆಳಗಿನ ವಾಯುಸೇವನೆ, ಪತ್ರಿಕೆಗೆ ದೂರಿನ ಪತ್ರ, ಸಂಜೆಯ ಇಸ್ಪೀಟು ಇಷ್ಟರಲ್ಲಿ ಕಾಲ ಕಳೆದವರೇ ಹೆಚ್ಚು. ಆದರೂ ಆ ದೂರಿನ ಪತ್ರಗಳಿಂದ ಎಷ್ಟು ಬೀದಿದೀಪಗಳು ಉರಿದವೋ ಯಾರು ಬಲ್ಲರು!

ಸ್ವಾತಂತ್ರ್ಯದ ಹೊತ್ತಿಗೆ ಎಚ್‌ಎಎಲ್, ಅನಂತರ ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ದೇಶದ ನಾನಾ ಕಡೆಯಿಂದ ಬಂದ ಕಾರ್ಮಿಕರು ಇಲ್ಲೇ ದುಡಿದು ಇಲ್ಲೇ ನಿವೃತ್ತರಾಗಿ, ಭವಿಷ್ಯನಿಧಿಯ ಹಣದಲ್ಲಿ ನಿವೇಶನ ಕೊಂಡು ಮನೆ ಕಟ್ಟಿದರು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. 1941ರಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದ ಬೆಂಗಳೂರು 1951ಕ್ಕೆ ಎಂಟು ಲಕ್ಷದ ಹತ್ತಿರ ಬಂತು. 2011ರ ಜನಗಣತಿಯಲ್ಲಿ ಎಂಬತ್ತು ಲಕ್ಷವನ್ನು ಮೀರಿತ್ತು. ಸ್ವರ್ಗಕ್ಕೆ ಇಷ್ಟು ಜನ ಬಂದರೆ ಅದು ಸ್ವರ್ಗವಾಗಿ ಉಳಿಯುವುದು ಕಷ್ಟ. ನಿವೇಶನದ ಬೆಲೆ ಏರಿದಂತೆ ಪಿಂಚಣಿದಾರನಿಗೆ ಒಂದು ವಿಚಿತ್ರ ಇಕ್ಕಟ್ಟು ಎದುರಾಯಿತು: ಅವನು ಕುಳಿತ ನೆಲದ ಬೆಲೆ ಕೋಟಿಗೆ ಹೋಯಿತು, ಕೈಗೆ ಬರುವ ಪಿಂಚಣಿ ಮಾತ್ರ ಸಾವಿರಗಳಲ್ಲೇ ನಿಂತಿತು. ಮಕ್ಕಳು ಅಮೆರಿಕದಲ್ಲಿ. ಕೊನೆಗೆ ಕಟ್ಟಡದ ಗುತ್ತಿಗೆದಾರ ಬಂದು, ಹಳೆಯ ಮನೆ ಕೆಡವಿ ಎಂಟು ಫ್ಲಾಟು ಕಟ್ಟಿ ಮೂರನ್ನು ನಿಮಗೇ ಕೊಡುತ್ತೇನೆ ಎಂದಾಗ ಒಪ್ಪದೆ ಉಳಿದವರು ಕಡಿಮೆ.

ಇದಿಷ್ಟು ಬೆಂಗಳೂರಿನದು. ಇದರಲ್ಲಿ ಸಗರನಾಡು ಎಲ್ಲಿದೆ ಎಂಬ ಪ್ರಶ್ನೆ ಸಹಜ. ಬಹುಕಾಲದವರೆಗೆ ಎಲ್ಲಿಯೂ ಇರಲಿಲ್ಲ. ಈ ನೆಲದ ಮುಖವೇ ಬೇರೆ ದಿಕ್ಕಿಗಿತ್ತು.

ಸುರಪುರದಲ್ಲಿ ಆಡಳಿತ ನಡೆಸಿ ನಿವೃತ್ತನಾದ ಅಧಿಕಾರಿಗಳಲ್ಲಿ ಹೆಸರಾದವನು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಬಾಲಕ ರಾಜ ವೆಂಕಟಪ್ಪನಾಯಕನ ಪರವಾಗಿ 1853ರವರೆಗೆ ಹತ್ತು ವರ್ಷಕ್ಕೂ ಮಿಕ್ಕಿ ಸಂಸ್ಥಾನವನ್ನು ನೋಡಿಕೊಂಡವನು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನ ಮನೆ. 1858ರ ದುರಂತವಾದ ಮೇಲೆ ಮತ್ತೊಮ್ಮೆ ಇಲ್ಲಿಗೆ ಬಂದ. 1860ರಲ್ಲಿ ಆರೋಗ್ಯ ಕೆಟ್ಟು ಭಾರತ ಬಿಟ್ಟ. ಬೆಂಗಳೂರಿನ ದಂಡಿನವರಂತೆ ಅವನು ಇಲ್ಲೇ ನಿಲ್ಲಲಿಲ್ಲ. ಆದರೆ ಇಲ್ಲಿ ಕೂಡಿಸಿಕೊಂಡ ಸರಕನ್ನು ಅಲ್ಲಿ ಕುಳಿತು ಖರ್ಚು ಮಾಡಿದ: 'ತಾರಾ', 'ಸೀತಾ' ಮುಂತಾದ ಕಾದಂಬರಿಗಳನ್ನು ಬರೆದದ್ದು, ಸುರಪುರದ ನೆನಪುಗಳಿರುವ ಆತ್ಮಕಥೆಯನ್ನು ಬರೆದದ್ದು ನಿವೃತ್ತಿಯಲ್ಲೇ. ಆತ್ಮಕಥೆ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ. ಸುರಪುರದ ಬಗ್ಗೆ ಹೊರಗಿನವರಿಗೆ ಬಹುದಿನ ಗೊತ್ತಿದ್ದದ್ದು ಆ ಒಬ್ಬ ನಿವೃತ್ತ ಅಧಿಕಾರಿ ಹೇಳಿದಷ್ಟೇ, ಅವನು ಹೇಳಿದ ರೀತಿಯಲ್ಲೇ. ಊರು ಬಿಟ್ಟು ಹೋಗುವವನು ಊರಿನ ಕಥೆಯನ್ನೂ ಜೊತೆಗೆ ಒಯ್ಯುತ್ತಾನೆ ಎಂಬುದಕ್ಕೆ ಇದು ಹಳೆಯ ನಿದರ್ಶನ.

ಆಮೇಲೆ ಸುರಪುರ ನಿಜಾಮರಿಗೆ ಸೇರಿತು. ಅಲ್ಲಿಂದ 1948ರ ಸೆಪ್ಟೆಂಬರಿನವರೆಗೆ ಸಗರನಾಡಿನ ಓದಿದವರಿಗೆ ದೊಡ್ಡ ಊರೆಂದರೆ ಹೈದರಾಬಾದು. 1871ರಲ್ಲಿ ಮುಂಬಯಿ-ಮದರಾಸಿನ ರೈಲು ಯಾದಗಿರಿಯ ಮೂಲಕ ಹಾದುಹೋಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ದಾರಿ ತೆರೆಯಿತು. ವಾಡಿಯಲ್ಲಿ ಗಾಡಿ ಬದಲಿಸಿದರೆ ಮುಗಿಯಿತು. ಕಚೇರಿಯ ಭಾಷೆ ಉರ್ದು. ಉನ್ನತ ಶಿಕ್ಷಣಕ್ಕೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ. ಪಿಂಚಣಿಗೆ ಜನರ ಬಾಯಲ್ಲಿ 'ವಜೀಫಾ' ಎಂಬ ಹೆಸರು. ಪೇಶಕಾರನಾಗಿಯೋ ಮುನ್ಸಿಫನಾಗಿಯೋ ದುಡಿದವನು ಕಾಚಿಗುಡದ ಕಡೆ ಒಂದು ಮನೆ ಮಾಡಿಕೊಳ್ಳುವ ಆಸೆ ಇಟ್ಟುಕೊಳ್ಳುತ್ತಿದ್ದ. ಅಲ್ಲಿನ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇವು ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಗುರುತಾಗಿ ಇಂದಿಗೂ ಇವೆ.

1956ರ ನವೆಂಬರ್ 1 ಈ ದಿಕ್ಕನ್ನು ಬದಲಿಸಿತು. ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಹೈದರಾಬಾದಿನ ನೌಕರರು ಮೈಸೂರಿನ ನೌಕರರಾದರು. ರಾಜಧಾನಿ ಸುಮಾರು ಐನೂರು ಕಿಲೊಮೀಟರು ದೂರದ ಬೆಂಗಳೂರಾಯಿತು. ಉರ್ದುವಿನಲ್ಲಿ ಟಿಪ್ಪಣಿ ಬರೆದು ರೂಢಿಯಾಗಿದ್ದವರು ಮಧ್ಯವಯಸ್ಸಿನಲ್ಲಿ ಕನ್ನಡದ, ಇಂಗ್ಲಿಷಿನ ಕಡತ ಕಲಿತರು. ಅದೇ ಸಮಯಕ್ಕೆ ಹಳ್ಳಿಹಳ್ಳಿಗೆ ಪ್ರಾಥಮಿಕ ಶಾಲೆ ಬಂದವು, ಶಾಲೆಗೆ ಮಾಸ್ತರರು ಬಂದರು. ಒಕ್ಕಲುತನವನ್ನು ಬಿಟ್ಟು ಬೇರೇನನ್ನೂ ಕಾಣದ ಮನೆಗಳಲ್ಲಿ ಮೊದಲ ಸಂಬಳ ಬಂದದ್ದು ಬಹಳ ಕಡೆ ಈ ಮಾಸ್ತರಿಕೆಯಿಂದಲೇ. ಆ ತಲೆಮಾರು ನಿವೃತ್ತವಾಗತೊಡಗಿದ್ದು 1980ರ ದಶಕದ ಕೊನೆಗೆ, ತೊಂಬತ್ತರ ದಶಕದಲ್ಲಿ. ಸಗರನಾಡಿನ ಪಿಂಚಣಿದಾರ ಎಂಬ ವ್ಯಕ್ತಿ ಒಂದು ಸಮೂಹವಾಗಿ ಕಾಣಿಸಿಕೊಂಡದ್ದು ಆಗ.

ಅವನ ಲೆಕ್ಕಾಚಾರವನ್ನು ಸ್ವಲ್ಪ ನೋಡಬೇಕು. ನಿವೃತ್ತಿಯ ವಯಸ್ಸು 2008ರವರೆಗೆ 58, ಆ ಬಳಿಕ 60. ಹೊರಬರುವ ದಿನ ಗ್ರಾಚ್ಯುಟಿ, ಗಳಿಕೆ ರಜೆಯ ಹಣ, ವಿಮೆಯ ಹಣ ಸೇರಿ ಒಂದು ಇಡಿಗಂಟು ಸಿಗುತ್ತದೆ. ಅದು ಸಾಲದಿದ್ದರೆ ಪಿಂಚಣಿಯ ಮೂರನೆಯ ಒಂದು ಭಾಗದವರೆಗೆ ಸರಕಾರಕ್ಕೆ ಬಿಟ್ಟುಕೊಟ್ಟು ಅದರ ಬದಲಿಗೆ ಒಂದೇ ಸಲಕ್ಕೆ ಹಣ ಪಡೆಯಬಹುದು. ಹಾಗೆ ಬಿಟ್ಟುಕೊಟ್ಟ ಭಾಗ ಹದಿನೈದು ವರ್ಷದ ಮೇಲೆ ಮರಳಿ ಸೇರುತ್ತದೆ. ಇಡೀ ಆಯುಷ್ಯದಲ್ಲಿ ಒಮ್ಮೆ ಮಾತ್ರ ಕೈಗೆ ಬರುವ ಈ ಗಂಟಿನಲ್ಲಿ ಮಗಳ ಮದುವೆಯ ಸಾಲ ತೀರಬೇಕು. ಉಳಿದದ್ದರಲ್ಲಿ ಒಂದು ಎನ್.ಎ. ಪ್ಲಾಟು. ಪ್ಲಾಟು ಎಲ್ಲಿ? ಮಗ ಕಂಪ್ಯೂಟರು ಕಲಿತಿದ್ದರೆ ಬೆಂಗಳೂರು. ಇಲ್ಲದಿದ್ದರೆ, ಮತ್ತು ಹೆಚ್ಚಿನವರಿಗೆ, ಕಲಬುರಗಿ.

ಕಲಬುರಗಿಗೆ ಹವೆಗಾಗಿ ಯಾರೂ ಹೋಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ಬಿಸಿಲು ಕಾಯುವ ಊರನ್ನು ಮುದುಕರು ಆರಿಸಿಕೊಳ್ಳುವುದು ಬೇರೆ ಕಾರಣಕ್ಕೆ. ಕಾರಣ ಆಸ್ಪತ್ರೆ. ಬೆಂಗಳೂರಿನ ದಂಡಿಗೆ ಬಂದ ಹತ್ತೊಂಬತ್ತನೆಯ ಶತಮಾನದ ಪಿಂಚಣಿದಾರ ತಂಗಾಳಿಯನ್ನು ಹುಡುಕಿ ಬಂದ; ಸುರಪುರದಿಂದ ಹೊರಡುವ ಇಂದಿನ ಪಿಂಚಣಿದಾರ ಎದೆನೋವಿನ ರಾತ್ರಿಯನ್ನು ಎಣಿಸಿ ಹೊರಡುತ್ತಾನೆ. ಸುರಪುರದಿಂದ ಕಲಬುರಗಿಗೆ ನೂರು ಕಿಲೊಮೀಟರಿಗೂ ಹೆಚ್ಚು. ಸುರಪುರ, ಶಹಾಪುರಗಳಿಗೆ ರೈಲು ಇಲ್ಲ. ಎದೆ ಹಿಡಿದುಕೊಂಡವನಿಗೆ ಎರಡು ಗಂಟೆಯ ರಸ್ತೆ ಬಹಳ ಉದ್ದ. ಕಲಬುರಗಿಯಲ್ಲಿ 1960ರ ದಶಕದಿಂದಲೇ ವೈದ್ಯಕೀಯ ಕಾಲೇಜು ಇದೆ. ಬಳಿಕ ಸರಕಾರಿ ವೈದ್ಯಕೀಯ ಸಂಸ್ಥೆ, ಇಎಸ್‌ಐ ಆಸ್ಪತ್ರೆ, ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಬಂದವು. ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದವನಿಗೆ ಹುಟ್ಟೂರಿನ ಪ್ರೀತಿಯ ಬಗ್ಗೆ ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ.

1961ರಲ್ಲಿ ಒಂದು ಲಕ್ಷದೊಳಗೆ ಜನರಿದ್ದ ಗುಲ್ಬರ್ಗ 2011ರಲ್ಲಿ ಐದು ಲಕ್ಷವನ್ನು ದಾಟಿತ್ತು. ವಿಶ್ವವಿದ್ಯಾಲಯ, ಹೈಕೋರ್ಟಿನ ಪೀಠ, 2019ರಲ್ಲಿ ವಿಮಾನ ನಿಲ್ದಾಣ. ಊರು ಬೆಳೆಯಲು ಬೇರೆ ಕಾರಣಗಳೂ ಸಾಕಷ್ಟಿದ್ದವು. ಆದರೆ ಜೇವರ್ಗಿ ರಸ್ತೆ, ಸೇಡಂ ರಸ್ತೆಗಳ ಆಚೀಚೆಯ ಕಾಲೊನಿಗಳಲ್ಲಿ ನಿವೃತ್ತರು ಕಟ್ಟಿಸಿದ ಮನೆಗಳು ಸಾಲಾಗಿ ಸಿಗುತ್ತವೆ: ಕೆಳಗೆ ತಾವು, ಮೇಲೆ ಬಾಡಿಗೆಗೆ ಇನ್ನೊಂದು ಮನೆ, ಗೇಟಿನ ಮೇಲೆ ಹೆಸರಿನ ಮುಂದೆ 'ನಿವೃತ್ತ' ಎಂಬ ಪದವಿ. ಜೇವರ್ಗಿ ರಸ್ತೆಗೆ ಒಂದು ಹೆಚ್ಚಿನ ಅನುಕೂಲವಿದೆ. ಶಹಾಪುರ, ಸುರಪುರದ ಬಸ್ಸು ಅದೇ ರಸ್ತೆಯಲ್ಲಿ ಹಾದುಹೋಗುತ್ತದೆ. ಸಂಜೆ ಶರಣಬಸವೇಶ್ವರ ಕೆರೆಯ ದಂಡೆಯ ಮೇಲೆ ತಿರುಗಾಡುವವರ ಮಾತಿಗೆ ಕಿವಿಗೊಟ್ಟರೆ ಸುತ್ತಲಿನ ತಾಲ್ಲೂಕುಗಳ ನುಡಿ ಕೇಳಿಸುತ್ತದೆ. ಇವರಿಂದ ಊರಿನಲ್ಲಿ ನಡೆಯುವ ವ್ಯಾಪಾರವೂ ಸಣ್ಣದಲ್ಲ. ಔಷಧದ ಅಂಗಡಿ, ರಕ್ತ ತಪಾಸಣೆಯ ಲ್ಯಾಬು, ಮನೆಗೆಲಸದವರು, ಖಡಕ್ ರೊಟ್ಟಿ ಬಡಿದು ಮಾರುವ ಹೆಂಗಸರು ಎಲ್ಲರಿಗೂ ಪಿಂಚಣಿಯ ಪಾಲು ಮುಟ್ಟುತ್ತದೆ. ಮಳೆ ಹೋದರೂ ಮಾರುಕಟ್ಟೆ ಬಿದ್ದರೂ ತಿಂಗಳ ಮೊದಲ ವಾರ ಈ ಹಣ ಬಂದೇ ಬರುತ್ತದಾದ್ದರಿಂದ ಕಿರಾಣಿ ಅಂಗಡಿಯವನು ಪಿಂಚಣಿದಾರನಿಗೆ ಉದ್ರಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಇದರ ಇನ್ನೊಂದು ಮುಖವೆಂದರೆ ಪ್ಲಾಟಿನ ಬೆಲೆ. ಇಡಿಗಂಟು ಹಿಡಿದು ಬಂದವನ ಎದುರು ಅದೇ ಊರಿನ ದಿನಗೂಲಿಯವನು ಹರಾಜು ಕೂಗಲಾರ. ಬೆಂಗಳೂರಿನಲ್ಲಿ ಆದದ್ದು ಸಣ್ಣ ಪ್ರಮಾಣದಲ್ಲಿ ಇಲ್ಲಿಯೂ ಆಗಿದೆ.

ಕಲಬುರಗಿಗೆ ಬಂದದ್ದು ಇಷ್ಟು. ಸಗರನಾಡಿನಿಂದ ಹೋದದ್ದು ಏನು ಎಂಬುದನ್ನು ಈಗ ನೋಡೋಣ. ಅದರ ಲೆಕ್ಕವನ್ನು ಯಾರೂ ಅಷ್ಟಾಗಿ ಇಟ್ಟಿಲ್ಲ.

ಮೊದಲನೆಯದು ತಿಂಗಳ ಹಣ. ಒಬ್ಬ ಮಾಸ್ತರರ ಪಿಂಚಣಿ ಊರಿನಲ್ಲಿ ಖರ್ಚಾದರೆ ಅದು ಊರಿನ ದರ್ಜಿ, ಕ್ಷೌರಿಕ, ಹಾಲಿನವಳು, ಹೊಲದ ಆಳು ಎಲ್ಲರ ಕೈ ದಾಟುತ್ತದೆ. ಅದು ಈಗ ಜೇವರ್ಗಿ ರಸ್ತೆಯಲ್ಲಿ ದಾಟುತ್ತದೆ. ಎರಡನೆಯದು ಹೊಲ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಕಪ್ಪು ನೆಲದಲ್ಲಿ ಜೋಳದ ಜಾಗಕ್ಕೆ ಭತ್ತ ಬಂತು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಊರಲ್ಲಿಲ್ಲದ ನೌಕರ ತನ್ನ ಹೊಲವನ್ನು ಲಾವಣಿಗೆ ಕೊಡುತ್ತಾನೆ. ವರ್ಷಕ್ಕೊಮ್ಮೆ ಹಣ ಎಣಿಸಿಕೊಂಡು ಹೋಗುವ ಒಡೆಯನಿಗೆ ಆ ನೆಲದಲ್ಲಿ ಸವಳು ಏರುತ್ತಿದೆಯೋ ಇಲ್ಲವೋ ಕಾಣಿಸುವುದಿಲ್ಲ. ಲಾವಣಿ ಹಿಡಿದವನಿಗೆ ಕಂಡರೂ ಅದು ಅವನ ಹೊಲವಲ್ಲ. ನೀರಾವರಿಯ ಹಾನಿಯ ಬಗ್ಗೆ ಮಾತನಾಡುವಾಗ ಎಂಜಿನಿಯರರನ್ನೂ ಗೊಬ್ಬರವನ್ನೂ ದೂರುವುದು ವಾಡಿಕೆ. ದೂರದಲ್ಲಿರುವ ಒಡೆಯನ ಹೆಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ.

ಮೂರನೆಯದನ್ನು ತೂಗುವುದು ಎಲ್ಲಕ್ಕಿಂತ ಕಷ್ಟ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11 ಲಕ್ಷ 74 ಸಾವಿರ. ಸಾಕ್ಷರತೆ ಶೇಕಡ 51.83. ರಾಜ್ಯದಲ್ಲಿ ಅದೇ ಕೊನೆಯ ಸ್ಥಾನ. ಬಸವನಗುಡಿಯಿಂದ ಓದಿದ ಒಬ್ಬ ಮುದುಕ ಬೇರೆ ಬಡಾವಣೆಗೆ ಹೋದರೆ ಆ ಬೀದಿಗೆ ಏನೂ ಆಗುವುದಿಲ್ಲ. ಅಂಥವರು ಇನ್ನೂ ಇಪ್ಪತ್ತು ಮಂದಿ ಇರುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ಓದು ಬಾರದ ಕಡೆ ಹಳ್ಳಿಯಿಂದ ಒಬ್ಬ ನಿವೃತ್ತ ಮಾಸ್ತರ ಹೊರಟನೆಂದರೆ ಅರ್ಜಿ ಬರೆದುಕೊಡುವವನು, ಬ್ಯಾಂಕಿನ ನೋಟೀಸು ಓದಿ ಹೇಳುವವನು, ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ ಹುಡುಗನಿಗೆ ಗಣಿತ ಹೇಳಿಕೊಡುವವನು, ಪೊಲೀಸರೆದುರು ನಾಲ್ಕು ಮಾತಾಡಬಲ್ಲವನು ಒಟ್ಟಿಗೇ ಹೊರಟಂತೆ. ಅದಕ್ಕಿಂತ ಹಿಂದಿನ ತಲೆಮಾರಿನ ನಷ್ಟ ಇನ್ನೊಂದು ಬಗೆಯದು. ಹೈದರಾಬಾದಿನ ಕಾಲದ ಭೂದಾಖಲೆಗಳು ಉರ್ದುವಿನಲ್ಲಿವೆ, ಮನೆತನಗಳ ಹಳೆಯ ಕಾಗದಗಳು ಮೋಡಿಯಲ್ಲಿವೆ. ಅವನ್ನು ಸರಾಗವಾಗಿ ಓದುತ್ತಿದ್ದ ಪಟವಾರಿ, ಪೇಶಕಾರರು ನಿವೃತ್ತರಾಗಿ ಊರು ಬಿಟ್ಟರು, ಅನಂತರ ಲೋಕವನ್ನೇ ಬಿಟ್ಟರು. ಅಣ್ಣತಮ್ಮಂದಿರ ಹೊಲದ ವ್ಯಾಜ್ಯ ಕೋರ್ಟಿಗೆ ಹೋದಾಗ ಆ ಕಾಗದ ಓದುವವರನ್ನು ಹುಡುಕಿಕೊಂಡು ಕಕ್ಷಿದಾರರು ಅಲೆಯಬೇಕಾಗುತ್ತದೆ. ದೊಡ್ಡ ಊರಿನ ಬಾಡಿಗೆ ಮನೆಯ ಅಟ್ಟದ ಮೇಲೆ ಇಂಥ ಕಾಗದದ ಗಂಟುಗಳು ಎಷ್ಟು ಗೆದ್ದಲು ಹಿಡಿದಿವೆಯೋ!

ಇಷ್ಟು ಹೇಳಿದ ಮಾತ್ರಕ್ಕೆ ಊರು ಬಿಟ್ಟವರೆಲ್ಲ ಸುಖವಾಗಿದ್ದಾರೆ ಎಂದು ತಿಳಿಯಬಾರದು. ಬೆಂಗಳೂರಿನ ಹತ್ತನೆಯ ಅಂತಸ್ತಿನಲ್ಲಿ ಮೊಮ್ಮಗನ ಶಾಲೆಯ ಬಸ್ಸಿಗೆ ಕಾಯುವುದೇ ಉದ್ಯೋಗವಾದ ಸಗರನಾಡಿನ ಅಜ್ಜನಿಗೆ ಆ ಕಟ್ಟಡದಲ್ಲಿ ಮಾತಿಗೆ ಸಿಗುವವರು ಕಡಿಮೆ. ಲಿಫ್ಟಿನಲ್ಲಿ ಕೇಳಿಬರುವುದು ಹಿಂದಿ, ಇಂಗ್ಲಿಷು. ಗೇಟಿನ ಕಾವಲುಗಾರ ಒರಿಸ್ಸಾದವನು. ಆದರೆ ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡ ಏಳುತ್ತಿದ್ದರೆ, ತಗಡಿನ ಶೆಡ್ಡಿನ ಮುಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ, ಅಲ್ಲಿ 'ಯಾವೂರವ್ವಾ ತಂಗಿ' ಎಂದು ಕೇಳಬಹುದು. ಉತ್ತರ ವಡಗೇರಾ, ಹುಣಸಗಿ, ಕೆಂಭಾವಿ ಎಂದು ಬಂದೀತು. ರೈಲಿನಲ್ಲಿ ಬೇರೆ ಬೇರೆ ಬೋಗಿ ಹತ್ತಿದ ಇಬ್ಬರ ಸಂಬಂಧ ಎಂದದ್ದು ಇದನ್ನೇ. ಒಬ್ಬನ ಮಗ ಕೊಂಡ ಫ್ಲಾಟಿನ ಗೋಡೆಗೆ ಇನ್ನೊಬ್ಬನ ಮಗಳು ಸಿಮೆಂಟು ಹೊತ್ತಿದ್ದಾಳೆ. ಅಜ್ಜ ಮಾಸ್ತರನಾಗಿದ್ದ ಶಾಲೆಯಲ್ಲಿ ಅವಳು ನಾಲ್ಕನೆಯ ಇಯತ್ತೆಗೆ ಬಿಟ್ಟು ಹೋದ ಹುಡುಗಿಯಾಗಿದ್ದರೂ ಆಶ್ಚರ್ಯವಿಲ್ಲ.

ಗುಳೆಯ ಮನೆಗಳಲ್ಲಿ ಮುಪ್ಪಿನ ದಿಕ್ಕು ಇದಕ್ಕೆ ತೀರ ತಿರುಗುಮುರುಗು. ಅಲ್ಲಿ ಪ್ರಾಯದವರು ಊರು ಬಿಡುತ್ತಾರೆ, ಮುದುಕರು ಉಳಿಯುತ್ತಾರೆ. ದೀಪಾವಳಿಯ ಹಿಂದೆಮುಂದೆ ಮಗ, ಸೊಸೆ ಬೆಂಗಳೂರಿಗೋ ಪುಣೆಗೋ ಹೊರಟರೆ ಮೊಮ್ಮಕ್ಕಳು, ಆಡು, ಬೀಗದ ಕೈ ಮೂರೂ ಅಜ್ಜಿಯ ಪಾಲಿಗೆ. ಅವಳಿಗೆ ಗ್ರಾಚ್ಯುಟಿ ಇಲ್ಲ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂಪಾಯಿ ಬಂದರೆ ಅದೇ ಅವಳ ಪಿಂಚಣಿ. ಅದನ್ನು ಹಿಡಿದು ಅವಳು ಯಾವ ಊರನ್ನೂ ಆರಿಸಿಕೊಳ್ಳಲಾರಳು. 2020ರ ಬೇಸಿಗೆಯಲ್ಲಿ ಕೊರೋನಾದ ಹೆದರಿಕೆಗೆ ದೊಡ್ಡ ಊರುಗಳು ಬಾಗಿಲು ಹಾಕಿದಾಗ ಗುಳೆಯ ಜನ ಸಾವಿರಾರು ಸಂಖ್ಯೆಯಲ್ಲಿ ಮರಳಿ ಬಂದದ್ದು ಈ ಅಜ್ಜಿಯರು ತೆರೆದಿಟ್ಟಿದ್ದ ಮನೆಗಳಿಗೆ. ಮರಳಿ ಬರಲು ಒಂದು ಊರು ಇತ್ತು ಎಂಬುದಕ್ಕೆ ಅವರು ಕಾರಣ. ಈ ಮಾತನ್ನು ಆಗ ಯಾರೂ ಹೆಚ್ಚು ಆಡಲಿಲ್ಲ.

ನಿವೃತ್ತರ ಈ ವಲಸೆ ಹೀಗೆಯೇ ಮುಂದುವರಿಯುತ್ತದೆಯೇ? ಹೇಳುವುದು ಸುಲಭವಲ್ಲ. 2006ರ ಏಪ್ರಿಲ್ 1ರಿಂದ ರಾಜ್ಯ ಸರಕಾರದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಅನ್ವಯವಾಯಿತು. ಕೊನೆಯ ಸಂಬಳದ ಅರ್ಧ ಖಚಿತವಾಗಿ ಬರುತ್ತದೆ ಎಂಬ ಹಳೆಯ ಭರವಸೆ ಅದರಲ್ಲಿಲ್ಲ. ನೌಕರ ಮತ್ತು ಸರಕಾರ ಇಬ್ಬರೂ ಕಟ್ಟಿದ ಹಣ ಷೇರು, ಸಾಲಪತ್ರಗಳಲ್ಲಿ ಬೆಳೆದಷ್ಟು. ಹಳೆಯದೇ ಬೇಕೆಂದು ನೌಕರರ ಸಂಘಗಳು ಹೋರಾಡುತ್ತ ಬಂದಿವೆ. ಬೆಂಗಳೂರನ್ನು, ಸಣ್ಣ ಅಳತೆಯಲ್ಲಿ ಕಲಬುರಗಿಯನ್ನು, ಬೆಳೆಸಿದ ಆ ನಿಶ್ಚಿತ ಹಣವೇ ಕಡಿಮೆಯಾದರೆ ಪ್ಲಾಟು ಕೊಳ್ಳುವ ಮಾಸ್ತರನೂ ಕಡಿಮೆಯಾಗುತ್ತಾನೆ. ಇತ್ತ 2009ರ ಡಿಸೆಂಬರ್ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳು ಬಂದವು, 2022ರ ಸುಮಾರಿಗೆ ಸರಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಯಾದಗಿರಿಯ ಸುತ್ತ ಈಗ ಎನ್.ಎ. ಪ್ಲಾಟಿನ ಕಲ್ಲು ನೆಡುತ್ತಿರುವವರಲ್ಲಿ ನಿವೃತ್ತರೂ ಇದ್ದಾರೆ. ಜಿಲ್ಲೆಯ ಆಸ್ಪತ್ರೆಯಲ್ಲಿ ಹೃದಯದ ವೈದ್ಯರು ರಾತ್ರಿಯೂ ಇರುವಂತಾದರೆ ಜೇವರ್ಗಿ ರಸ್ತೆಗೆ ಹೋಗುವವರಲ್ಲಿ ಕೆಲವರಾದರೂ ಭೀಮೆಯ ಈಚೆಗೇ ನಿಂತಾರು. ಸಾಹಿತ್ಯ ಸಮ್ಮೇಳನದ ನಿರ್ಣಯಗಳಿಂದ ಆಗದ ಕೆಲಸ ಆ ಒಬ್ಬ ವೈದ್ಯನಿಂದ ಆದೀತು.

ಹಿಂದೆ ನವೆಂಬರ್ ತಿಂಗಳು ಬಂತೆಂದರೆ ಪಿಂಚಣಿದಾರ ತಾನು ಬದುಕಿದ್ದೇನೆಂದು ತೋರಿಸಲು ಖಜಾನೆಗೋ ಬ್ಯಾಂಕಿಗೋ ಖುದ್ದಾಗಿ ಹೋಗಬೇಕಿತ್ತು. ಬ್ಯಾಂಕು ಬದಲಿಸದವರು ಆ ನೆವದಲ್ಲಿ ಶಹಾಪುರಕ್ಕೋ ಸುರಪುರಕ್ಕೋ ಬರುತ್ತಿದ್ದರು. ಬೆಂಚಿನ ಮೇಲೆ ಕುಳಿತು, ಈ ವರ್ಷ ಯಾರು ಬಂದಿಲ್ಲ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಲಾವಣಿಯ ಹಣ ಎಣಿಸಿಕೊಂಡು, ಬೀಗ ಹಾಕಿದ ಮನೆಯ ಸೋರುವ ಮಾಳಿಗೆ ನೋಡಿ, ಅಣ್ಣನ ಮನೆಯಲ್ಲಿ ಪುಂಡಿಪಲ್ಯ ಉಂಡು ಹೋಗುತ್ತಿದ್ದರು. 2014ರ ನವೆಂಬರಿನಲ್ಲಿ ಕೇಂದ್ರ ಸರಕಾರ ಜೀವನ್ ಪ್ರಮಾಣ್ ಎಂಬ ಹೊಸ ವ್ಯವಸ್ಥೆ ತಂದಿತು. ಈಗ ಎಲ್ಲಿ ಕುಳಿತಿದ್ದರೂ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ, ಮುಖವನ್ನು ಮೊಬೈಲಿಗೆ ತೋರಿಸಿದರೆ ಸಾಕು. ಮೊಣಕಾಲು ನೋವಿನವರಿಗೆ ಇದರಿಂದ ಆದ ಉಪಕಾರ ಬಹಳ ದೊಡ್ಡದು. ಶಹಾಪುರದ ಬೆಂಚಿನ ಮೇಲೆ ಮಾತ್ರ ನವೆಂಬರಿನಲ್ಲಿ ಜಾಗ ಸುಲಭವಾಗಿ ಸಿಗುತ್ತದೆ.